ಐಸ್ ಗಾಡಿಯ ದೀಪ

"ತನ್ನಿಂದ ಯಾರಿಗೂ ನೋವಾಗಿಲ್ಲ ಎನ್ನುವವನಿಗೆ ಇನ್ನು ಯಾವ ಸಾಧನೆ ಉಳಿದಿದೆ, ಗುರುಗಳೇ?"

ಕೇಳಿದವನು ನೇಮಣ್ಣ. ಉಗ್ರಾಣದಿಂದ ಹಿಡಿದು ಊಟದ ಪಂಕ್ತಿಯವರೆಗೆ ಆಶ್ರಮದ ಎಲ್ಲವನ್ನೂ ಹನ್ನೆರಡು ವರ್ಷದಿಂದ ನೋಡಿಕೊಳ್ಳುತ್ತಿದ್ದ ಶಿಷ್ಯ. ಅವನು ಜಗಲಿಯ ಮೆಟ್ಟಿಲು ಹತ್ತುವಾಗ, ಗುರುಗಳ ಪಕ್ಕದಲ್ಲಿ ಕುಳಿತು ನಗುತ್ತ ಹಲಸಿನ ಬೀಜ ಸುಲಿಯುತ್ತಿದ್ದ ಮೂವರು ಶಿಷ್ಯರು ಮೊರ ಎತ್ತಿಕೊಂಡು ಒಳಗೆ ಹೋಗಿದ್ದರು. ನೇಮಣ್ಣ ಎದುರಿಗೆ ಕುಳಿತು ಮಾತು ಮುಂದುವರಿಸಿದ.

"ಹನ್ನೆರಡು ವರ್ಷದಲ್ಲಿ ನಾನು ಯಾರ ಮೇಲೂ ಕೈ ಎತ್ತಿಲ್ಲ. ಯಾರನ್ನೂ ಬೈದಿಲ್ಲ. ನನ್ನ ಮೇಲೆ ಒಬ್ಬರೂ ನಿಮ್ಮ ಹತ್ತಿರ ದೂರು ತಂದಿಲ್ಲ. ನಾಳೆ ಹುಣ್ಣಿಮೆ. ನನಗೆ ಕಾವಿ ಕೊಡಿ."

"ದೂರು ಬಂದಿಲ್ಲ, ಅದು ನಿಜ" ಎಂದರು ಗುರುಗಳು. "ಒಂದು ಕತೆ ಹೇಳುತ್ತೇನೆ. ಕೇಳಿದ ಮೇಲೆ ನೀನೇ ಹೇಳು, ಕೊಡಲೋ ಬೇಡವೋ."

ಕಡಲತೀರದ ಒಂದು ಊರಿನಲ್ಲಿ ಒಬ್ಬ ಚಾಲಕನಿದ್ದ. ಕಾರ್ಖಾನೆಯಿಂದ, ಮೀನಿನ ದೋಣಿಗಳು ಬಂದು ನಿಲ್ಲುವ ದಕ್ಕೆಗೆ ಟೆಂಪೋದಲ್ಲಿ ಐಸ್ ಸಾಗಿಸುವುದು ಅವನ ಕೆಲಸ. ನಸುಕಿನಲ್ಲಿ ಹೊರಟು ಬೆಳಕು ಹರಿಯುವುದರೊಳಗೆ ದಕ್ಕೆ ಮುಟ್ಟಬೇಕು. ಒಂಬತ್ತು ವರ್ಷ ಅದೇ ಗಾಡಿ, ಅದೇ ರಸ್ತೆ. ಗಾಡಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಇದು ಅವನಿಗೆ ಸಣ್ಣ ಹೆಮ್ಮೆಯಲ್ಲ. ಬೇರೆ ಚಾಲಕರು ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದರೆ ಇವನು ಹೊರಗೆ ನಿಂತು ಅವರ ಗಾಡಿಗಳ ನಜ್ಜುಗುಜ್ಜಾದ ಬಂಪರುಗಳನ್ನು ನೋಡಿ ಮೀಸೆಯಲ್ಲೇ ನಗುತ್ತಿದ್ದ. ನನ್ನ ಗಾಡಿಯಿಂದ ಒಂದು ಇರುವೆಗೂ ತೊಂದರೆಯಾಗಿಲ್ಲ ಎಂದು ಕೇಳದವರಿಗೂ ಹೇಳುತ್ತಿದ್ದ. ಕೇಳಿ ಕೇಳಿ ಊರಿನವರ ಕಿವಿ ತೂತಾಗಿತ್ತು.

ಆ ವರ್ಷ ಗಾಡಿಯನ್ನು ತಪಾಸಣೆಗೆ ಒಯ್ದಾಗ ಅಧಿಕಾರಿ ಮುಂದಿನ ದೀಪಗಳ ಎದುರು ನಿಂತುಬಿಟ್ಟ. ಬಿಸಿಲಿಗೂ ಉಪ್ಪುಗಾಳಿಗೂ ಅವುಗಳ ಮುಖ ಹಳದಿಗಟ್ಟಿ, ಪೊರೆ ಬಂದ ಕಣ್ಣಿನ ಹಾಗೆ ಮಂಕಾಗಿತ್ತು. ಸರಿ ಮಾಡಿಸಿಕೊಂಡು ಬಾ ಎಂದು ಅವನು ಕಾಗದಪತ್ರ ವಾಪಸು ಕೊಟ್ಟ. ಚಾಲಕನಿಗೆ ಎಲ್ಲಿಲ್ಲದ ಸಿಟ್ಟು ಬಂತು. ರಸ್ತೆ ಬಾಯಿಪಾಠ ಆದವನಿಗೆ ದೀಪ ಯಾಕೆ? ಆದರೆ ಕಾಗದವಿಲ್ಲದೆ ಗಾಡಿ ಓಡುವುದಿಲ್ಲ. ಗೊಣಗುತ್ತಲೇ ದೀಪ ಉಜ್ಜುವವನ ಅಂಗಡಿಗೆ ಹೋದ.

ಉಜ್ಜುವವನು ದೀಪದ ಸುತ್ತ ಪಟ್ಟಿ ಅಂಟಿಸಿದ. ನೀರು ಬಿಡುತ್ತ ಒರಟು ಸ್ಯಾಂಡ್‌ಪೇಪರಿನಿಂದ ತಿಕ್ಕತೊಡಗಿದ. ಹಳದಿ ನೀರು ಬಂಪರಿನ ಮೇಲೆ ಇಳಿಯಿತು. ದೀಪ ಮಾತ್ರ ಮೊದಲಿಗಿಂತ ಕೆಟ್ಟು, ಸುಣ್ಣ ಬಳಿದಂತೆ ಬಿಳಿಚಿಕೊಂಡಿತು.

"ಇದ್ದದ್ದನ್ನೂ ಹಾಳು ಮಾಡಿದೆಯಲ್ಲ ಮಾರಾಯ!" ಎಂದು ಚಾಲಕ ಕೂಗಿದ.

ಉಜ್ಜುವವನು ನಯವಾದ ಕಾಗದ ತೆಗೆದುಕೊಂಡ. ಆಮೇಲೆ ಅದಕ್ಕಿಂತ ನಯವಾದದ್ದು. ಕೊನೆಗೆ ಪಾಲಿಶ್ ಹಚ್ಚಿದ ಬಟ್ಟೆ. ಮಧ್ಯಾಹ್ನದ ಹೊತ್ತಿಗೆ ಎರಡು ದೀಪಗಳೂ ತೊಳೆದ ಲೋಟದ ಹಾಗೆ ತಿಳಿಯಾದವು. ಮತ್ತೆ ಹಳದಿಯಾಗದಿರಲಿ ಎಂದು ಮೇಲೊಂದು ಲೇಪ ಬಳಿದು ಅವನು ಕೈ ಒರೆಸಿಕೊಂಡ.

"ಇದರಲ್ಲಿ ನಿಮಗೆ ಇಷ್ಟು ವರ್ಷ ಎಂತ ಕಾಣ್ತಿತ್ತು?"

"ಬೇಕಾದ್ದೆಲ್ಲ ಕಾಣ್ತಿತ್ತು" ಎಂದ ಚಾಲಕ.

ಅಂದೇ ತಪಾಸಣೆ ಮುಗಿಸಿ ಕಾಗದ ಪಡೆದು, ಮರುದಿನ ನಸುಕಿನಲ್ಲಿ ಐಸ್ ತುಂಬಿಕೊಂಡು ಎಂದಿನ ವೇಗದಲ್ಲೇ ಹೊರಟ. ಸೇತುವೆ ದಾಟಿ ತಿರುವು ತೆಗೆದುಕೊಂಡ. ಬೆಳಕು ರಸ್ತೆಯ ಉದ್ದಕ್ಕೂ ಬಿತ್ತು. ಅವನ ಕಾಲು ತನ್ನಷ್ಟಕ್ಕೇ ಬ್ರೇಕ್ ಒತ್ತಿತು.

ರಸ್ತೆಯ ಅಂಚಿನಲ್ಲಿ ಆರು ಹೆಂಗಸರಿದ್ದರು. ಮಾರುವುದಕ್ಕೆ ಮೀನು ತರಲು ಖಾಲಿ ಬುಟ್ಟಿ ಹಿಡಿದು ದಕ್ಕೆಗೆ ನಡೆಯುತ್ತಿದ್ದವರು. ಗಾಡಿಯ ಸದ್ದು ಕೇಳಿದ್ದೇ ತಡ, ಅವರು ಒಬ್ಬೊಬ್ಬರಾಗಿ ರಸ್ತೆ ಬಿಟ್ಟು ಚರಂಡಿಗೆ ಇಳಿಯುತ್ತಿದ್ದರು. ಯಾರೂ ಗಾಬರಿಯಾಗಲಿಲ್ಲ. ಯಾರೂ ಕೂಗಲಿಲ್ಲ. ಮೊದಲು ಇಳಿದವಳು ಕೈ ಚಾಚಿ, ಕುಂಟುತ್ತಿದ್ದ ಒಬ್ಬಳನ್ನು ಇಳಿಸಿಕೊಂಡಳು. ಎಲ್ಲರೂ ಕೆಸರಿನಲ್ಲಿ ನಿಂತು ಗಾಡಿ ಹೋಗಲಿ ಎಂದು ಕಾದರು.

ಚಾಲಕ ಇಳಿದು ಓಡಿ ಬಂದ. "ಇಷ್ಟು ಅಗಲದ ರಸ್ತೆ ಉಂಟು, ಚರಂಡಿಗೆ ಯಾಕೆ ಇಳಿದದ್ದು?"

ಹೆಂಗಸರು ಮುಖ ಮುಖ ನೋಡಿಕೊಂಡರು. "ದಿನಾ ಇಳಿತೇವಲ್ಲ ಅಣ್ಣ" ಎಂದಳು ಹಿರಿಯವಳು. "ಐಸಿನ ಗಾಡಿಯವರಿಗೆ ನಾವು ಕಾಣುವುದಿಲ್ಲ ಅಂತ ನಮಗೆ ಗೊತ್ತುಂಟು. ಈ ಗುಲಾಬಿ ಒಂದು ದಿನ ಇಳಿಯುವಾಗ ಸ್ವಲ್ಪ ತಡ ಮಾಡಿದಳು. ನಿಮ್ಮ ಗಾಡಿ ತಾಗಲಿಲ್ಲ. ಹಾರಿದಳು, ಕಲ್ಲಿನ ಮೇಲೆ ಬಿದ್ದಳು. ಕಾಲು ಹೋಯ್ತು. ನಾಲ್ಕು ಮಳೆಗಾಲ ಆಯ್ತು."

"ನನಗೆ ಯಾಕೆ ಹೇಳಲಿಲ್ಲ?" ಎಂದ ಚಾಲಕ.

"ನೀವು ಗಾಡಿ ನಿಲ್ಲಿಸಿದ್ದೇ ಇವತ್ತಲ್ಲವಾ?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ತಿರುಗಿ ತನ್ನ ಗಾಡಿಯ ಬಂಪರ್ ನೋಡಿದ. ಅದು ಹೊಸದರ ಹಾಗಿತ್ತು. ಒಂಬತ್ತು ವರ್ಷ ಅದನ್ನು ಗೀರಿಲ್ಲದೆ ಕಾಪಾಡಿದವರು ಯಾರು ಎಂದು ಈಗ ತಿಳಿಯಿತು. ಅವನು ರಸ್ತೆಯ ಮೇಲೆಯೇ ಕುಳಿತುಬಿಟ್ಟ. ಅಂದು ದಕ್ಕೆಗೆ ಐಸ್ ಮುಟ್ಟುವಾಗ ಅರ್ಧ ನೀರಾಗಿತ್ತು.

ಮಾರನೆಯ ದಿನ ಅವನು ಆ ತಿರುವಿಗೆ ನಡಿಗೆಯ ವೇಗದಲ್ಲಿ ಬಂದ. ಬಹಳ ದೂರದಲ್ಲೇ ಗಾಡಿ ನಿಲ್ಲಿಸಿದ. ಕಿಟಕಿಯಿಂದ ಕೈ ಬೀಸಿ, ರಸ್ತೆಯ ಮೇಲೇ ಹೋಗಿ ಎಂದು ಕೂಗಿದ. ಆರು ಹೆಂಗಸರೂ ಎಂದಿನಂತೆ ಚರಂಡಿಗೆ ಇಳಿದು ನಿಂತರು.

ಗುರುಗಳು ಕತೆ ನಿಲ್ಲಿಸಿದರು.

ನೇಮಣ್ಣನಿಗೆ ತಡೆಯಲಾಗಲಿಲ್ಲ. "ಎಂಥ ಮನುಷ್ಯ ಅವನು! ಒಂಬತ್ತು ವರ್ಷ ಕಣ್ಣೆದುರೇ ಇಳಿಯುತ್ತಿದ್ದರೂ ಒಂದು ದಿನವಾದರೂ ಕಾಣಲಿಲ್ಲವೇ?"

ಗುರುಗಳು ಪಕ್ಕದಲ್ಲಿ ಬಿದ್ದಿದ್ದ, ಅರ್ಧ ಸುಲಿದ ಹಲಸಿನ ಬೀಜವೊಂದನ್ನು ಎತ್ತಿ ಅವನ ಮುಂದಿಟ್ಟರು.

"ನೀನು ಮೆಟ್ಟಿಲು ಹತ್ತಿದಾಗ ಇಲ್ಲಿಂದ ಎದ್ದು ಹೋದವರು ಎಷ್ಟು ಜನ, ನೇಮಣ್ಣ?"