ಬಣ್ಣ ಹತ್ತಬಾರದ ಜಾಗ

ಹೊಳೆ ದಂಡೆಯ ಆಶ್ರಮಕ್ಕೆ ಜನ ಹೂ ತರುತ್ತಿದ್ದರು, ಹಣ್ಣು ತರುತ್ತಿದ್ದರು. ಭೀಮಶಿ ನಾಲ್ಕು ಗೋಣಿಚೀಲಗಳಲ್ಲಿ ಒಂದು ಮೋಟರ್‌ಸೈಕಲ್ ತಂದಿದ್ದ.

ಪೇಟೆಯಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವುದು ಅವನ ಕಸುಬು. ಹೆಂಡತಿ ಶಾವಂತ್ರಿ ಇದೇ ಗಾಡಿಯಿಂದ ಬಿದ್ದು ತೀರಿಕೊಂಡಳು. ಮಣ್ಣು ಮುಗಿದ ಮೇಲೆ ಅಂಗಡಿಗೆ ಬೀಗ ಹಾಕಿ, ಗಾಡಿಯ ನಟ್ಟು ಬೋಲ್ಟೆಲ್ಲ ಬಿಚ್ಚಿ, ಗುರು ನಿರ್ವಾಣಪ್ಪನವರ ಹತ್ತಿರ ಬಂದುಬಿಟ್ಟಿದ್ದ.

"ಕೈಗೆ ಬರೋ ಕೆಲಸ ಬಿಡಬ್ಯಾಡ" ಎಂದಷ್ಟೇ ಹೇಳಿ, ಗುರುಗಳು ಅವನಿಗೆ ದನದ ಕೊಟ್ಟಿಗೆಯ ಅರ್ಧ ಬಿಟ್ಟುಕೊಟ್ಟಿದ್ದರು.

ಅವನ ಅಪ್ಪನ ಕಾಲದ ಪುಟ್ಟ ಗಾಡಿ ಅದು. ಹೊಗೆ ಜಾಸ್ತಿ, ಓಟ ಕಮ್ಮಿ. ಹನ್ನೊಂದು ತಿಂಗಳು ಭೀಮಶಿ ಅದರ ಒಂದೊಂದು ಭಾಗವನ್ನೂ ಕಬ್ಬಿಣ ಕಾಣುವವರೆಗೆ ತಿಕ್ಕಿದ. ಟ್ಯಾಂಕು ತಗ್ಗಾದಲ್ಲಿ ಲಪ್ಪ ಮೆತ್ತಿ, ತಿಕ್ಕಿ ಸಮ ಮಾಡಿದ. ಎಲ್ಲಕ್ಕೂ ಮೂರು ಕೋಟು ಕಪ್ಪು ಬಣ್ಣ ಹೊಡೆದ.

ಇನ್ನು ಮೂರು ದಿನಕ್ಕೆ ಶಾವಂತ್ರಿ ಹೋಗಿ ವರ್ಷ ತುಂಬುತ್ತಿತ್ತು. ಆಚೆ ದಂಡೆಯ ಊರಿನಿಂದ ಅವಳ ತಾಯಿ ನೀಲವ್ವ ಹೇಳಿಕಳಿಸಿದ್ದಳು: ಈ ಸಲ ಬರಲೇಬೇಕು. ಮಣ್ಣಾದ ದಿನದಿಂದ ಭೀಮಶಿ ಆ ತಾಯಿಗೆ ಮುಖ ತೋರಿಸಿರಲಿಲ್ಲ. ಹೋದರೆ ಇದೇ ಗಾಡಿಯ ಮೇಲೆ ಹೋಗಬೇಕು, ಆ ದಿನದ ಒಂದು ಗುರುತೂ ಅದರ ಮೇಲೆ ಇರಬಾರದು ಎಂದು ಅವನು ಹಟ ಹಿಡಿದಿದ್ದ.

ಅಂದು ಬೆಳಿಗ್ಗೆ ಜೋಡಣೆ ಮುಗಿಯಿತು. ಗಾಲಿ, ಇಂಜಿನ್ನು, ಟ್ಯಾಂಕು, ಸೀಟು, ಕೊನೆಗೆ ಹೊಸ ಬ್ಯಾಟರಿ. ಭೀಮಶಿ ಕಿಕ್ ಹೊಡೆದ.

ಗಾಡಿ ಹತ್ತಲಿಲ್ಲ.

ಕಾಲು ಸೋಲುವವರೆಗೆ ಹೊಡೆದ. ದೀಪ ಕೂಡ ಮಿಣುಕಲಿಲ್ಲ. ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಗುರುಗಳು ಎದ್ದು ಬಂದರು.

ಸನ್ಯಾಸಕ್ಕೆ ಮೊದಲು ಇಪ್ಪತ್ತು ವರ್ಷ ಅವರು ಬಸ್ಸುಗಳ ವೈರಿಂಗ್ ರಿಪೇರಿ ಮಾಡಿದವರು. ಭಕ್ತರು ಈ ಮಾತನ್ನು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ.

"ಏನಾತೋ?"

"ಚಾಲೂ ಆಗವಲ್ದರಿ ಅಪ್ಪಾರ. ಎಲ್ಲಾ ಬರೋಬ್ಬರಿ ಕೂಡಿಸೇನಿ."

"ಬಣ್ಣ ಎಲ್ಲೆಲ್ಲಿ ಹಚ್ಚಿ?"

"ಎಲ್ಲಾ ಕಡೆ ರೀ. ಎಳ್ಳಕಾಳಷ್ಟು ಕಬ್ಬಿಣ ಕಾಣಂಗಿಲ್ಲ, ಬೇಕಾರ ನೋಡ್ರಿ." ಅವನ ದನಿಯಲ್ಲಿ ಕಸುಬುದಾರನ ಹೆಮ್ಮೆ ಇತ್ತು.

ಗುರುಗಳು ಅಡುಗೆಮನೆಯಿಂದ ಚಾಕು ತಂದರು. ಸೀಟು ಎತ್ತಿದರು. ಬ್ಯಾಟರಿಯ ತಂತಿ ಗಾಡಿಯ ಚೌಕಟ್ಟಿಗೆ, ಅಂದರೆ ಚಾಸಿಗೆ, ಸೇರುವ ಬೋಲ್ಟನ್ನು ಸಡಿಲಿಸಿ, ಅದರ ಬುಡವನ್ನು ಕೆರೆಯತೊಡಗಿದರು.

ಭೀಮಶಿ ಅವರ ಮುಂಗೈ ಹಿಡಿದುಬಿಟ್ಟ. "ಅಪ್ಪಾರ! ಮೂರು ಕೋಟ್ ರೀ ಅದು!"

"ಕೈ ಬಿಡು."

ಬಿಟ್ಟ. ಚಾಕು ಮತ್ತೆ ಆಡಿತು. ಇಂಜಿನ್ನು ಚಾಸಿಗೆ ಕೂಡುವಲ್ಲಿಯೂ ಗುರುಗಳು ಹಾಗೆಯೇ ಕೆರೆದರು. ಕಪ್ಪು ಪುಡಿ ಉದುರಿ ಅವರ ಕಾವಿಯ ಮೇಲೆಲ್ಲ ಬಿತ್ತು.

"ಕರೆಂಟ್ ಹೊಂಟದ್ದು ತಿರುಗಿ ಬರಬೇಕೋ. ಬಣ್ಣದ ಮ್ಯಾಲ ಅದು ನಡ್ಯಂಗಿಲ್ಲ. ಅದಕ್ಕ ಬರೇ ಕಬ್ಬಿಣ ಬೇಕು. ನೀ ಒಂದು ಬೆರಳಗಲಾನೂ ಬಿಟ್ಟಿಲ್ಲ."

ಬೋಲ್ಟುಗಳನ್ನು ಬಿಗಿದು, "ಹೂಂ, ಹೊಡಿ" ಎಂದರು.

ಎರಡನೇ ಕಿಕ್ಕಿಗೆ ಗಾಡಿ ಹತ್ತಿತು.

ಆ ಸದ್ದು ಅವನು ಕೇಳಿ ಹತ್ತಿರ ಹತ್ತಿರ ವರ್ಷವಾಗಿತ್ತು. ಓಣಿಯ ತಿರುವಿನಲ್ಲಿ ಈ ಸದ್ದು ಕೇಳಿದರೆ ಸಾಕು, ಶಾವಂತ್ರಿ ಒಲೆಯ ಮೇಲೆ ಚಹಾಕ್ಕೆ ಇಡುತ್ತಿದ್ದಳು. ಭೀಮಶಿ ಗಾಡಿ ಬಂದ್ ಮಾಡಿ, ಅದರ ಪಕ್ಕದಲ್ಲೇ ಕುಸಿದು ಕೂತ. ದುಃಖ ಉಕ್ಕಿ ಬಂತು. ತಡೆಯುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಗುರುಗಳು ಎದುರಿಗೆ ಕೂತರು. ಹನ್ನೊಂದು ತಿಂಗಳಲ್ಲಿ ಒಮ್ಮೆಯೂ ಕೇಳದ್ದನ್ನು ಈಗ ಕೇಳಿದರು.

"ಆ ದಿನ ಏನಾತು?"

"ನಾಯಿ ಅಡ್ಡ ಬಂತ್ರಿ." ಎಲ್ಲರಿಗೂ ಹೇಳಿ ಹೇಳಿ ರೂಢಿಯಾದ ಮಾತು, ತಾನಾಗಿ ಬಂತು.

ಗುರುಗಳು ಚಾಕುವನ್ನು ಕಾವಿಯ ಅಂಚಿಗೆ ಒರೆಸುತ್ತ ಕೂತರು.

ಭೀಮಶಿ ತಲೆ ತಗ್ಗಿಸಿದ. "ನಾಯಿ ಬಂದಿರಲಿಲ್ರಿ."

"ಮತ್ತ?"

"ಸಾವಕಾಶ ಹೊಡೀರಿ ಅಂದಳು. ಅಷ್ಟ ಅಂದಳ್ರಿ. ನನಗ ಸಿಟ್ಟು ಬಂತು. ನನಗ ಕಲಸಾಕ ಬರ್ತಿಯೇನು ಅಂತ ಹಿಂದಕ್ಕ ತಿರುಗಿ ಬೈದೆ. ಮುಂದ ನೋಡೂದ್ರಾಗ ಮೋರಿ ಬಂದಿತ್ತು." ಅವನ ದನಿ ಒಡೆಯಿತು. "ಆಕಿ ಕಡೀಗೆ ಕೇಳಿದ್ದು ನನ್ನ ಬೈಗಳಾನ ರೀ."

ಹೊಳೆಯಲ್ಲಿ ಯಾರೋ ಎಮ್ಮೆಯ ಮೈ ತೊಳೆಯುತ್ತಿದ್ದರು. ಗುರುಗಳು ಆ ಕಡೆ ನೋಡುತ್ತಿದ್ದರು.

"ನೀಲವ್ವಗೂ ನಾಯಿ ಅಂತ ಹೇಳಿಯೇನು?"

"ಹೂಂ ರೀ." ಭೀಮಶಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. "ಕರ್ಯಾಕ ಬಂದಾತ ಹೇಳಿದ. ಮುದುಕಿ ದಿನಾ ಬಾಗಲದಾಗ ಕಲ್ಲು ಗುಡ್ಡೆ ಹಾಕ್ಕೊಂಡು ಕುಂದರತಾಳಂತ. ಓಣ್ಯಾಗ ಯಾವ ನಾಯಿ ಬಂದ್ರೂ ಹೊಡಿತಾಳಂತ. ಹೊಡೆದು ಹೊಡೆದು ಅಳತಾಳಂತ." ಅವನು ಗುರುಗಳ ಪಾದ ಹಿಡಿದ. "ನಾ ಹ್ಯಾಂಗ ಹೋಗ್ಲಿ ಅಪ್ಪಾರ? ಖರೇ ಹೇಳಿದ್ರ ಆಕಿ ನನ್ನ ಉಳಸಂಗಿಲ್ಲ."

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ಹೋಗು, ಭೀಮಶಿ. ಆ ಕಲ್ಲು ನಿನಗ ಬೀಳಲಿ. ಆಮ್ಯಾಲ ಇಬ್ಬರೂ ಕೂತು ಅಳ್ರಿ."