ಚೌಕಟ್ಟು ಮತ್ತು ತಾಮ್ರದ ತಂತಿ

ಗುಜರಿ ಅಂಗಡಿಯ ಅಯಸ್ಕಾಂತ ಹತ್ತಿರ ಬಂದಾಗ, ಹಳೇ ಟೆಲಿಫೋನ್ ಎಕ್ಸ್‌ಚೇಂಜಿನ ಕಬ್ಬಿಣದ ಚೌಕಟ್ಟು ಉಸಿರು ಬಿಗಿಹಿಡಿಯಿತು. ಮೂವತ್ತು ವರ್ಷ ತನ್ನನ್ನು ಸುತ್ತಿಕೊಂಡಿದ್ದ ತಾಮ್ರದ ತಂತಿಯ ಜೊತೆಗೇ ಹೋಗುವ ಆಸೆ ಅದಕ್ಕೆ. ಚೌಕಟ್ಟು ಟಕ್ಕನೆ ಅಯಸ್ಕಾಂತಕ್ಕೆ ಅಂಟಿಕೊಂಡಿತು.

“ಕಂಡವರಿಗೆಲ್ಲ ಅಂಟಿಕೊಳ್ಳೋಕೆ ನಾಚಿಕೆಯಾಗಲ್ವೇನಯ್ಯಾ?” ಎಂದಿತು ತಂತಿ. “ನನ್ನನ್ನು ನೋಡಿ ಕಲಿ.”

ಅಯಸ್ಕಾಂತ ಮುಟ್ಟಿದರೂ ತಂತಿ ಮಿಸುಕಲಿಲ್ಲ.

“ತಾವು ಬೆಲೆಯುಳ್ಳವರು. ಮೊದಲು ತಾವು ಹೊರಡಿ,” ಎಂದಿತು ಅಯಸ್ಕಾಂತ.

“ನನ್ನನ್ನೂ ಕಳಿಸಿ, ಸ್ವಾಮಿ,” ಚೌಕಟ್ಟು ಬೇಡಿಕೊಂಡಿತು.

“ಕಬ್ಬಿಣ ಒಂದು ಲಾರಿ ತುಂಬುವಷ್ಟು ಸೇರಬೇಕು. ಅಲ್ಲಿಯವರೆಗೆ ಕಾಯಿ.”

“ಕಾಯ್ತಾ ಇರು ಹಾಗಾದ್ರೆ!” ಎಂದು ತಂತಿ ನಗುತ್ತಾ ಹೊರಟಿತು.

ಮಧ್ಯಾಹ್ನದೊಳಗೆ ಅದು ಕುಲುಮೆಯಲ್ಲಿ ಕರಗಿತು. ಕಬ್ಬಿಣ ಇನ್ನೂ ಲಾರಿ ತುಂಬುವಷ್ಟು ಸೇರಿಲ್ಲ. ಅಂಗಡಿಯವರು ಚೌಕಟ್ಟಿನ ಮೇಲೆ ಊಟದ ಡಬ್ಬಿ ಇಡುತ್ತಾರೆ.