ರಾಣಿ ಜೋಡಿಸಿದ ತಾಯಿಹಲಗೆ

ಹಿರೇಗುಡಿಯ ರಾಜಬೀದಿಯಲ್ಲಿ ಡಂಗುರ ಹೊಡೆಯಿತು. ತೀರಿಹೋದ ಮಹಾರಾಣಿಯವರು ಕೈಯಾರೆ ಕಟ್ಟಿದ ಸರ್ವರ್‌ನ ಮರ್ಮ ಬಲ್ಲವರು ಅರಮನೆಗೆ ಬರತಕ್ಕದ್ದು. ರಾಜಕುಮಾರಿಯ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ ಕೊಟ್ಟು ಮಗಳನ್ನು ಧಾರೆ ಎರೆಯಲಾಗುವುದು; ತಪ್ಪಿದವನಿಗೆ ತಲೆದಂಡ.

ನಾಡಿನ ಕೆರೆಗಳ ತೂಬು ತೆರೆಯುವುದು, ಮುಚ್ಚುವುದು ಎಲ್ಲ ಆ ಸರ್ವರ್ ಹೇಳಿದಂತೆ. ರಾಣಿ ಹೋದ ಮೇಲೆ ಬಲ್ಲೆವೆಂದು ಬಂದವರೆಲ್ಲ ಅದರೊಳಗೆ ಕೈಯಾಡಿಸಿ ಕೆಡಿಸುತ್ತಿದ್ದರು. ಅಂಥವರು ಹೆದರಲಿ ಎಂದು ದೊರೆ ಬಿಜ್ಜರಸ ಈ ಕಟ್ಟಳೆ ಮಾಡಿದ. ಒಗಟುಗಳು ರಾಣಿಯವು, ಸರ್ವರ್‌ನೊಳಗಿನ ಭಾಗಗಳ ಮೇಲೆ ಕಟ್ಟಿ ಊಟಕ್ಕೆ ಕೂತಾಗ ಮಗಳಿಗೆ ಹೇಳುತ್ತಿದ್ದಂಥವು. ತಲೆದಂಡ ಬರೀ ಬೆದರಿಕೆಯೆಂದು ನಂಬಿ ರಾಜಕುಮಾರಿ ಸೋವಲದೇವಿ ಅವನ್ನು ತಂದೆಗೆ ಒಪ್ಪಿಸಿದ್ದಳು.

ಮೊದಲು ಬಂದ ವರ್ತಕರ ಮಗ ಮೊದಲ ಒಗಟಿಗೇ ಎಡವಿದ. ಅವನ ತಲೆ ಉರುಳಿತು. ಕಟ್ಟಳೆ ಕೈಬಿಡಿ ಎಂದು ಸೋವಲದೇವಿ ತಂದೆಯ ಕಾಲಿಗೆ ಬಿದ್ದಳು. ಅರಸನ ಮಾತು ಹಿಂದಕ್ಕೆ ಬಾರದು ಎಂದ ಅವನು.

ಆಮೇಲೆ ಬಂದವನು ದಂಡನಾಯಕರ ಮಗ ಮಲ್ಲಿದೇವ, ಅವಳ ಜೊತೆಯಲ್ಲೇ ಆಡಿ ಬೆಳೆದವನು. ಹಿಂದಿನ ದಿನ ತೋಟದಲ್ಲಿ ಸಿಕ್ಕಾಗ ಅವನು ಉತ್ತರ ಕೇಳಲಿಲ್ಲ. ಹೇಳಿಬಿಡೋಣವೆಂದು ಅವಳ ನಾಲಿಗೆಯ ತುದಿಗೆ ಬಂತು. ಅಮ್ಮನಿಗೆ ಎರಡು ಬಗೆದಂತಾಗುತ್ತದೆ ಎನ್ನಿಸಿ ನುಂಗಿಕೊಂಡಳು. ಮರುದಿನ ಎರಡನ್ನು ಸಲೀಸಾಗಿ ಬಿಡಿಸಿ, ಮೂರನೆಯದಕ್ಕೆ ಅವನು ‘ಪ್ರೊಸೆಸರ್’ ಎಂದ. ತಪ್ಪು.

ಅವನ ತಲೆಯೂ ಉರುಳಿದ ಮೇಲೆ ಅವಳಿಗೆ ಅನ್ನ ಸೇರದಾಯಿತು. ಯಾರೂ ಬರದಿರಲಿ ಎಂದು ಹರಸಿಕೊಳ್ಳುತ್ತಿರುವಾಗಲೇ ಗುಜರಿ ಸಾಮಾನು ಆಯುವ ಸಣ್ಣಬೋರ ಬಂದು ನಿಂತ. ಅವನ ಊರಿನ ತೂಬು ಮುಚ್ಚಿಕೊಂಡು ಗದ್ದೆಯೆಲ್ಲ ಬಿರುಕು ಬಿಟ್ಟಿತ್ತು.

ಸೋವಲದೇವಿ ಮೊದಲನೆಯದನ್ನು ಕೇಳಿದಳು. “ಮನೆಯವರೆಲ್ಲ ಮಲಗಿದರೂ ಬೊಟ್ಟಿನಗಲದ ಒಬ್ಬಳು ಎಚ್ಚರವಿದ್ದು ಹೊತ್ತು ಎಣಿಸುತ್ತಾಳೆ. ಯಾರವಳು?”

ತಾಯಿಹಲಗೆಯ, ಅದೇ ಮದರ್‌ಬೋರ್ಡಿನ ಮೇಲಿನ ಗುಂಡನೆಯ ಬ್ಯಾಟರಿ ಎಂದ ಸಣ್ಣಬೋರ. ಕರೆಂಟು ಹೋದರೂ ಗಡಿಯಾರ ನಿಲ್ಲದಂತೆ ಕಾಯುವುದು ಅದೇ.

“ಜೋಡೆತ್ತಿನ ಗಾಡಿ. ಒಂದೆತ್ತು ಕುಸಿದರೂ ನಿಲ್ಲದು. ಅದನ್ನು ಬಿಚ್ಚಿ ಬೇರೆಯದನ್ನು ಕಟ್ಟುವಾಗಲೂ ನಿಲ್ಲದು. ಏನದು?”

ತಾಯಿಹಲಗೆಗೆ ಕರೆಂಟು ಉಣಿಸುವ ಜೋಡಿ ಪವರ್ ಸಪ್ಲೈ ಎಂದ.

ಮಲ್ಲಿದೇವ ಎಡವಿದ ಮೂರನೆಯದನ್ನು ಅವಳು ಕೇಳಿದಳು. “ಒಬ್ಬಳು ಒಡತಿಗಾಗಿ ಮಾತನ್ನು ಕಾದಿಟ್ಟುಕೊಳ್ಳುತ್ತಾಳೆ. ಒಂದಕ್ಷರ ತಪ್ಪುತ್ತದೆ. ಒಡತಿ ಕೇಳಿದಾಗ ಮಾತು ಸರಿಯಾಗಿಯೇ ಇರುತ್ತದೆ. ಯಾರೂ ಬೈಯುವುದಿಲ್ಲ, ಹೊಡೆಯುವುದಿಲ್ಲ. ಯಾರವಳು?”

ಸಣ್ಣಬೋರ ಗುಜರಿಯಲ್ಲಿ ಆಯ್ದ ಪಟ್ಟಿಗಳ ಚಿಪ್‌ಗಳನ್ನು ನೆನೆದು ಬೆರಳಲ್ಲಿ ಎಣಿಸಿಕೊಂಡ.

“ಮೆಮೊರಿ ಪಟ್ಟಿ ಇರಬೇಕು, ತಾಯಿ. ಮನೆಗಳ ಕಂಪ್ಯೂಟರಿನದರಲ್ಲಿ ಎಂಟು ಚಿಪ್ ಇದ್ದರೆ, ಇಂಥದ್ದರಲ್ಲಿ ಒಂಬತ್ತು ಕಂಡಿದ್ದೇನೆ. ಹೆಚ್ಚಿನದು ತಪ್ಪು ಹಿಡಿದು ತಿದ್ದುವುದಕ್ಕೆ. ತಪ್ಪು ಆಗಿಯೇ ಆಗುತ್ತದೆ ಅಂತ ಮೊದಲೇ ತಿಳಿದು ಮಾಡಿದ್ದು ಅದು.”

“ಸರಿ” ಎಂದಳು ಸೋವಲದೇವಿ. ಬಿಜ್ಜರಸ ತಲೆ ತಗ್ಗಿಸಿ ಕೂತ. ಎಷ್ಟೋ ಸಲ ಕೇಳಿಸಿಕೊಂಡಿದ್ದ ಒಗಟಿನಲ್ಲಿ ಅಮ್ಮ ಹೇಳಿದ್ದು ತಪ್ಪನ್ನು ದಂಡಿಸದೆ ತಿದ್ದಬೇಕೆಂದು ಎಂಬುದು ಅವಳಿಗೆ ಆಗ ಹೊಳೆಯಿತು.

ಸಣ್ಣಬೋರನಿಗೆ ಅರ್ಧ ರಾಜ್ಯ ಬಂತು, ಸರ್ವರ್ ಕೋಣೆಯ ಬೀಗದ ಕೈ ಬಂತು. ಅವನು ಅದನ್ನು ಸರಿಮಾಡಿದ ಮೇಲೆ ಅವನ ಊರಿಗೆ ನೀರು ಹರಿಯಿತು. ತಲೆದಂಡದ ಕಟ್ಟಳೆ ತೆಗೆಯಿರೆಂದು ಅವನು ಬೇಡಿದ. ಅರಸ ಒಪ್ಪಿದ; ಕಟ್ಟಳೆ ರದ್ದಾಯಿತೆಂದು ಅಂದೇ ಮತ್ತೊಂದು ಡಂಗುರ ಹೊಡೆಯಿತು. ಮದುವೆಯ ಮಾತೆತ್ತಿದಾಗ, ರಾಜಕುಮಾರಿಯವರ ಮನಸ್ಸು ತಿಳಿಯಾಗಲಿ, ಕಾಯುತ್ತೇನೆ ಎಂದ ಸಣ್ಣಬೋರ.

ಸೋವಲದೇವಿ ಬರಿಗಾಲಲ್ಲಿ ದಂಡನಾಯಕರ ಮನೆಗೆ ಹೋದಳು. ಮಲ್ಲಿದೇವನ ತಾಯಿ ಮಣೆ ಹಾಕಿ ಕೂರಿಸಿ, ನೀರು ಕೊಟ್ಟು, ಮೆಲ್ಲಗೆ ಕೇಳಿದಳು.

“ಆ ಮೂರನೆಯ ಒಗಟಿನ ಉತ್ತರ ಏನಾಗಿತ್ತು, ತಾಯಿ?”

ಅವಳು ಹೇಳಿದಳು.

“ಇಷ್ಟೇನಾ?” ಎಂದಳು ಆ ತಾಯಿ.